ಐದು ಸಾವಿರದ ಸೆಲ್ಲು, ಹದಿನೈದು ಗ್ರಾಂ ತೂಕ

ದಾವಣಗೆರೆಯವರಿಗೆ ಅಳತೆಯಲ್ಲಿ ಮೋಸ ಮಾಡೋದು ಸುಲಭ ಅಲ್ಲ. ದೋಸೆ ಮೇಲೆ ಬೆಣ್ಣೆ ಕಮ್ಮಿ ಅನಿಸಿದರೆ ತಟ್ಟೆಯನ್ನೇ ವಾಪಸ್ ತಳ್ಳುವ ಜನ ನಾವು. ಮಂಡಕ್ಕಿ ಕಟ್ಟಿಸಿಕೊಂಡ ಮೇಲೂ "ಇನ್ನೊಂದು ಹಿಡಿ ಹಾಕಪ್ಪ" ಅಂತ ಕದಲದೆ ನಿಲ್ಲುತ್ತೇವೆ. ಮಂಡಿಪೇಟೆಯಲ್ಲಿ ತಕ್ಕಡಿ ಮುಳ್ಳು ಕೂದಲೆಳೆಯಷ್ಟು ಅಲ್ಲಾಡಿದರೂ ನಮ್ಮ ಹುಬ್ಬು ಮೇಲೇರುತ್ತದೆ. ಇದೇ ಜನ ಮಕ್ಕಳ ವಿಡಿಯೊ ಗೇಮಿಗೆ ಸೆಲ್ಲು ಕೊಳ್ಳೋಕೆ ಹೋದಾಗ ಮಾತ್ರ ಸಾಕ್ಷಾತ್ ಸಾಧುಗಳಾಗಿಬಿಡುತ್ತಾರೆ. ಪ್ಲಾಸ್ಟಿಕ್ ಸಿಪ್ಪೆ ಮೇಲೆ ಅಚ್ಚು ಹಾಕಿದ್ದೇ ವೇದ. ದೊಡ್ಡ ಅಂಕಿ ಇದ್ದರೆ ದೊಡ್ಡ ವೇದ.

ಆ ಅಂಕಿಯ ಹೆಸರು ಎಂಎಎಚ್. ಸೆಲ್ಲಿನೊಳಗೆ ಎಷ್ಟು ಕರೆಂಟು ಹಿಡಿಯುತ್ತದೆ ಅನ್ನೋ ಲೆಕ್ಕ. ಗೋಡೆ ಗಡಿಯಾರಕ್ಕೆ ಹಾಕ್ತೀವಲ್ಲ, ಆ ಡಬಲ್ ಎ ಸೈಜಿನ ರೀಚಾರ್ಜಬಲ್ ಸೆಲ್ಲನ್ನೇ ತಗೊಳ್ಳಿ. ಹದಿನಾಲ್ಕು ಮಿಲಿಮೀಟರ್ ದಪ್ಪ, ಐವತ್ತು ಮಿಲಿಮೀಟರ್ ಉದ್ದ. ಅಷ್ಟೇ ಜಾಗ. ಅದರೊಳಗೆ ನಿಕಲ್ ಮೆಟಲ್ ಹೈಡ್ರೈಡ್ ತುಂಬಿ, ಒಳ್ಳೆ ಕಂಪನಿಗಳು 2000 ಎಂಎಎಚ್ ತಂದವು. ಇನ್ನಷ್ಟು ತುರುಕಿ 2500 ಮಾಡಿದವು. ಎಷ್ಟೇ ಒದ್ದಾಡಿದರೂ 2700, 2800ರ ಹತ್ತಿರ ಗಾಡಿ ನಿಂತಿತು. ನಮ್ಮೂರ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ನೋಡಿದರೆ 3000, 4800, 5000 ಎಲ್ಲಾ ಸಾಲಾಗಿ ಕೂತಿವೆ. ಜಪಾನಿನ ಎಂಜಿನಿಯರುಗಳಿಗೆ ಇಷ್ಟು ವರ್ಷ ಆಗದ ಕೆಲಸವನ್ನು ಯಾವನೋ ಲೇಬಲ್ ಪ್ರಿಂಟ್ ಹೊಡೆಯುವವನು ಒಂದೇ ರಾತ್ರಿಯಲ್ಲಿ ಮುಗಿಸಿದ್ದಾನೆ.

ನಮ್ಮ ಭಾವ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡೋರು. ರೈತರು ಚೀಲ ಬಿಚ್ಚಿದರೆ ಸಾಕು, ಒಳಗೆ ಮೊಣಕೈವರೆಗೆ ಕೈ ಇಳಿಸಿ, ತಳದ ಕಾಳು ಎತ್ತಿ, ಹಲ್ಲಿಗಿಟ್ಟು ಕಟುಂ ಅನ್ನಿಸಿ, "ಹದಿನಾರು ಐತೆ ಗೌಡ್ರೆ, ಇನ್ನೆರಡು ದಿನ ಒಣಗಿಸ್ಕೊಂಡು ಬರ್ರಿ" ಅಂತಾರೆ. ಆಮೇಲೆ ಮೀಟರ್ ಇಟ್ಟರೆ ತೇವಾಂಶ ಹದಿನಾರೇ ಇರುತ್ತದೆ. ಇಂಥಾ ಮನುಷ್ಯ ಮಗನ ಗೇಮಿಗೆ ಸೆಲ್ಲು ತರೋಕೆ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಅಂಗಡಿಯವನು ಎರಡು ತೋರಿಸಿದ. ಒಂದರ ಮೇಲೆ 2000, ಬೋಳು ಬಿಳಿ ಬಣ್ಣ. ಇನ್ನೊಂದರ ಮೇಲೆ 5000, ಜೊತೆಗೆ ಬೆಂಕಿ ಉಗುಳುವ ಡ್ರ್ಯಾಗನ್.

"ಐದು ಸಾವಿರದ್ದೇ ಕೊಡಪ್ಪ. ಹುಡುಗ ಜಾಸ್ತಿ ಆಡ್ತಾನೆ" ಅಂದರು ಭಾವ.

"ತಗಳ್ರಿ ಸಾರ್. ಇದು ಗೇಮಿಂಗ್ ಸೆಲ್ಲು. ರೇಟೂ ಕಮ್ಮಿ."

ನಾನು ಎರಡನ್ನೂ ಅಂಗೈಲಿ ಇಟ್ಟು ನೋಡಿದೆ. ಡ್ರ್ಯಾಗನ್ ಖಾಲಿ ಲಿಪ್‌ಸ್ಟಿಕ್ ಡಬ್ಬಿಯಷ್ಟು ಹಗುರ. ಪಕ್ಕದ್ದು ಬೆಳ್ಳಿ ಅಂಗಡಿ. ಅವರ ಪುಟ್ಟ ತಕ್ಕಡಿ ಮೇಲೆ ಇಡಿಸಿದೆ. 2000ದ್ದು 27 ಗ್ರಾಂ ಬಂತು. 5000ದ್ದು 15 ಗ್ರಾಂ. ನಿಕಲ್ ಅನ್ನೋದು ಲೋಹ ಸ್ವಾಮಿ, ಅದಕ್ಕೆ ಭಾರ ಇರುತ್ತದೆ. ಈ ಸೈಜಿನಲ್ಲಿ 2000 ಹಿಡಿಯುವ ಅಸಲಿ ನಿಕಲ್ ಸೆಲ್ಲು 26ರಿಂದ 30 ಗ್ರಾಂ ತೂಗಲೇಬೇಕು. ಎರಡೂವರೆ ಪಟ್ಟು ಕರೆಂಟು ಅರ್ಧ ತೂಕದಲ್ಲಿ ಹೇಗೆ ಕೂತಿತು ಅಂತ ಕೇಳಿದೆ.

"ಹೊಸ ಟೆಕ್ನಾಲಜಿ ಸಾರ್, ಅದಕ್ಕೇ ಹಗುರ" ಅಂದ ಅಂಗಡಿಯವನು, ಕಣ್ಣು ಮಿಟುಕಿಸದೆ.

ಭಾವ ನನ್ನ ಕಡೆ ತಿರುಗಿದರು. "ನೋಡ್ದೇನಪ್ಪ, ಹಗುರಾನೂ ಐತೆ!"

ನಾಲ್ಕು ಸೆಲ್ಲು ತಗೊಂಡರು. ಒಂದು ಚಾರ್ಜರ್ ಫ್ರೀ. ಈ ಫ್ರೀ ಚಾರ್ಜರ್ ಬಗ್ಗೆ ಎರಡು ಮಾತು ಹೇಳಲೇಬೇಕು. ಅದಕ್ಕೆ ಬುದ್ಧಿ ಅನ್ನೋದೇ ಇಲ್ಲ. ಒಳ್ಳೆ ಚಾರ್ಜರ್ ಪ್ರತಿ ಸೆಲ್ಲಿನ ವೋಲ್ಟೇಜ್ ಬೇರೆ ಬೇರೆ ನೋಡುತ್ತದೆ. ತುಂಬಿದ ಸೆಲ್ಲಿನ ವೋಲ್ಟೇಜ್ ಒಂಚೂರು ಕೆಳಗಿಳಿಯುವುದನ್ನು ಹಿಡಿದು ಅದೊಂದಕ್ಕೆ ಸಪ್ಲೈ ನಿಲ್ಲಿಸುತ್ತದೆ. ಫ್ರೀ ಬಂದದ್ದು ಜೋಡಿ ಜೋಡಿಯಾಗಿ ಚಾರ್ಜ್ ಮಾಡುತ್ತದೆ, ಅದೂ ನೀವಾಗಿ ಪ್ಲಗ್ ಕೀಳುವ ತನಕ. ಒಂದು ತುಂಬಿ ತುಳುಕಿ ಬಿಸಿಯಾಗುತ್ತಿದ್ದರೆ ಇನ್ನೊಂದು ಅರೆಹೊಟ್ಟೆ. ಹಸಿರು ದೀಪ ಮಾತ್ರ ಎರಡಕ್ಕೂ ಸಮನಾಗಿ ಉರಿಯುತ್ತದೆ. ಸೆಲ್ಲು ಹಾಕದಿದ್ದರೂ ಉರಿಯುತ್ತದೆ.

ಎಂ.ಸಿ.ಸಿ. ಬಿ ಬ್ಲಾಕಿನ ಅಕ್ಕನ ಮನೆಯಲ್ಲಿ ಆ ಸಂಜೆ ಕ್ರಿಕೆಟ್ ಗೇಮ್ ಶುರುವಾಯಿತು. ಮೂರನೇ ಓವರಿಗೆ ಕಂಟ್ರೋಲರ್, ಅಂದರೆ ಕೈಯಲ್ಲಿ ಹಿಡಿದು ಆಡುವ ರಿಮೋಟು, ಸತ್ತಿತು. ಹುಡುಗ ಅದನ್ನು ತೊಡೆಗೆ ಎರಡು ಸಲ ಬಡಿದ. ಭಾವ ಸೆಲ್ಲು ತೆಗೆದು ಅಂಗೈಲಿ ಉಜ್ಜಿ, ತಿರುಗಿಸಿ ಹಾಕಿದರು. ಅತ್ತೆ, ಅಂದರೆ ಭಾವನ ಅಮ್ಮ, "ಬಿಸಿಲಿಗಿಡ್ರೋ" ಅಂದರು. ಮರುದಿನ ತಾರಸಿ ಮೇಲೆ ಸಂಡಿಗೆಯ ಪಕ್ಕ ನಾಲ್ಕು ಡ್ರ್ಯಾಗನ್ ಒಣಗುತ್ತಾ ಮಲಗಿದ್ದವು. ಹಳೇ ಟಾರ್ಚ್ ಸೆಲ್ಲಿಗೆ ಬಿಸಿಲು ತಾಗಿಸಿದರೆ ಒಂದರ್ಧ ಗಂಟೆ ಜೀವ ಬರುತ್ತಿತ್ತು, ಸುಳ್ಳಲ್ಲ. ರೀಚಾರ್ಜಬಲ್ ಸೆಲ್ಲಿಗೆ ಬಿಸಿಲು ಅಂದರೆ ಆಯಸ್ಸು ಕಮ್ಮಿ, ಅಷ್ಟೇ. ದಾವಣಗೆರೆಯ ಏಪ್ರಿಲ್ ಬಿಸಿಲಂತೂ ಕೇಳಲೇಬೇಡಿ.

ತಮಾಷೆ ಏನಪ್ಪಾ ಅಂದರೆ, ದೊಡ್ಡ ಅಂಕಿಯನ್ನು ಕಣ್ಣುಮುಚ್ಚಿ ನಂಬುವ ನಾವು ಸಣ್ಣ ಅಂಕಿ ಕಂಡರೆ ಮಾತ್ರ ಬೆಚ್ಚಿಬೀಳುತ್ತೇವೆ. ಅಸಲಿ ಸೆಲ್ಲಿನ ಮೇಲೆ 1.2 ವೋಲ್ಟ್ ಅಂತ ಇರುತ್ತದೆ. "ಮಾಮಾ, ಮಾಮೂಲಿ ಸೆಲ್ಲಿಗೆ 1.5 ಐತೆ, ಇದು ಡೂಪ್ಲಿಕೇಟು" ಅಂದ ಅಳಿಯ. ಇಲ್ಲ ಕಣಪ್ಪ. ಆಲ್ಕಲೈನ್ ಸೆಲ್ಲು 1.5ರಲ್ಲಿ ಶುರುವಾಗಿ ಮೊದಲ ದಿನದಿಂದಲೇ ಇಳಿಯುತ್ತಾ ಹೋಗುತ್ತದೆ. ಅರ್ಧ ಆಯಸ್ಸಿಗೆ ಅದೂ 1.2ರ ಹತ್ತಿರವೇ ಬರುತ್ತದೆ. ನಿಕಲ್ ಸೆಲ್ಲು ಕೊನೆತನಕ 1.2ರ ಆಸುಪಾಸಿನಲ್ಲೇ ನಿಂತು, ಆಮೇಲೆ ದಿಢೀರನೆ ಬೀಳುತ್ತದೆ. ಅದಕ್ಕೇ ಪರದೆ ಮೇಲಿನ ಬ್ಯಾಟರಿ ಚಿತ್ರ ಬಹಳ ಹೊತ್ತು ಗಟ್ಟಿಯಾಗಿದ್ದು, ಇದ್ದಕ್ಕಿದ್ದ ಹಾಗೆ ಕೆಂಪಾಗುವುದು.

ಎಂಎಎಚ್ ಸುಳ್ಳು ಹಳೇದಾಯಿತು ಅಂತಲೋ ಏನೋ, ಈಗ ಅಳತೆಗೋಲನ್ನೇ ಬದಲಾಯಿಸಿದ್ದಾರೆ. ಒಳಗೆ ಲಿಥಿಯಂ ಇರುವ, ತಲೆಗೇ ಯುಎಸ್‌ಬಿ ಕೇಬಲ್ ಚುಚ್ಚಿಸಿಕೊಳ್ಳುವ ಡಬಲ್ ಎ ಸೆಲ್ಲು ಬಂದಿದೆ. ಸರಕೇನು ಕೆಟ್ಟದ್ದಲ್ಲ. ಮೈಮೇಲೆ 3600 ಅಂತ ಇರುತ್ತದೆ. ಕನ್ನಡಕ ಹಾಕಿ ನೋಡಿದರೆ ಪಕ್ಕದಲ್ಲಿ ಎಂಡಬ್ಲ್ಯುಎಚ್. ಮಿಲಿವ್ಯಾಟ್ ಅವರ್. ಅದನ್ನು 1.5ರಿಂದ ಭಾಗಿಸಿ, 2400 ಎಂಎಎಚ್ ಉಳಿಯುತ್ತದೆ. ಹಳೇ 2000 ಎಂಎಎಚ್ ನಿಕಲ್ ಸೆಲ್ಲನ್ನೂ 1.2ರಿಂದ ಗುಣಿಸಿ ಇದೇ ಲೆಕ್ಕಕ್ಕೆ ತಂದರೆ ಅದೂ 2400 ಮಿಲಿವ್ಯಾಟ್ ಅವರ್ ಆಗುತ್ತದೆ. ಮೂವತ್ತು ನಲವತ್ತರ ಸೈಟನ್ನು ಇಂಚಿನಲ್ಲಿ ಹೇಳಿ "360×480 ಸಾರ್, ಕಾರ್ನರ್ ಬೇರೆ" ಅಂದ ಹಾಗೆ. ನಿಟುವಳ್ಳಿಯಲ್ಲಿ ಯಾವನಾದರೂ ಹಾಗೆ ಸೈಟು ಮಾರೋಕೆ ಬಂದರೆ ಅಟ್ಟಿಸಿಕೊಂಡು ಹೋಗುತ್ತಿದ್ದೆವು.

ಮುದ್ರಣದ ಮಹಿಮೆಗೆ ಇನ್ನೊಂದು ಸಾಕ್ಷಿ ಬೇಕಾದರೆ ಹತ್ತು ಹದಿನೈದು ರೂಪಾಯಿಯ ಜಿಂಕ್ ಸೆಲ್ಲು ನೋಡಿ. ಇಡೀ ಅಂಗಡಿಯಲ್ಲಿ ಅದೇ ಎಲ್ಲಕ್ಕಿಂತ ದುರ್ಬಲ. ಅದರ ಮೇಲೇ 'ಸೂಪರ್ ಹೆವಿ ಡ್ಯೂಟಿ' ಅಂತ ಬರೆದಿರುತ್ತದೆ.

ಕಂಪನಿಗಳ ಜಗಳ ಇನ್ನೊಂದು ಕಡೆ. ಮೈಕ್ರೋಸಾಫ್ಟ್‌ನವರು 2005ರ ಎಕ್ಸ್‌ಬಾಕ್ಸ್ 360 ಅನ್ನೋ ಗೇಮ್ ಯಂತ್ರದಿಂದ ಇವತ್ತಿನವರೆಗೂ ಕಂಟ್ರೋಲರಿಗೆ ಎರಡು ಡಬಲ್ ಎ ಸೆಲ್ಲು ಹಾಕಿಸುತ್ತಲೇ ಇದ್ದಾರೆ. ಅಷ್ಟು ದುಡ್ಡಿನ ಯಂತ್ರಕ್ಕೆ ಗೋಡೆ ಗಡಿಯಾರದ ಸೆಲ್ಲಾ ಅಂತ ಜನ ನಗುತ್ತಾರೆ. ರೀಚಾರ್ಜಬಲ್ ಬೇಕಾ? ಅದು ಬೇರೆ ಡಬ್ಬಿ, ಬೇರೆ ದುಡ್ಡು. ಸೋನಿಯವರು ಲಿಥಿಯಂ ಬ್ಯಾಟರಿಯನ್ನು ಒಳಗೇ ಇಟ್ಟು ಸ್ಕ್ರೂ ಬಿಗಿದರು. ಅವರ ಪಿಎಸ್5 ಯಂತ್ರದ ಡುಯಲ್‌ಸೆನ್ಸ್ ಕಂಟ್ರೋಲರಿನಲ್ಲಿ ಇರುವುದು 1560 ಎಂಎಎಚ್. ನಾಲ್ಕೈದು ವರ್ಷಕ್ಕೆ ಅದು ಸೊರಗಿದರೆ ಸ್ಕ್ರೂ ಬಿಚ್ಚುವ ಧೈರ್ಯ ಇದ್ದವರು ಬಿಚ್ಚಬೇಕು, ಇಲ್ಲದವರು ಹೊಸ ಕಂಟ್ರೋಲರ್ ತರಬೇಕು. ಇಂಥಾ ಬ್ಯಾಟರಿಗಳನ್ನು ಕೊಂಡವರೇ ಬಿಚ್ಚಿ ಬದಲಾಯಿಸುವ ಹಾಗಿರಬೇಕು ಅಂತ ಯುರೋಪಿನವರು ಕಾನೂನೇ ಮಾಡಿದ್ದಾರೆ, 2027ರ ಫೆಬ್ರವರಿಯಿಂದ ಜಾರಿ. ನನ್ನ ಮಟ್ಟಿಗೆ ಹೇಳೋದಾದರೆ, ನಗಿಸಿಕೊಂಡ ಗಡಿಯಾರದ ಸೆಲ್ಲೇ ವಾಸಿ. ಸತ್ತರೆ ಬೇರೆ ಹಾಕಬಹುದು.

ಅಂದಹಾಗೆ, ಅಸಲಿ ಸೆಲ್ಲಿನಲ್ಲೂ ದೊಡ್ಡ ಅಂಕಿಗೆ ಬೆಲೆ ತೆರಬೇಕು. ಎನೆಲೂಪ್ ಅಂತ ಒಂದು ಸೆಲ್ಲು 2005ರಲ್ಲಿ ಸ್ಯಾನ್ಯೊ ಕಂಪನಿಯಿಂದ ಬಂತು, ಈಗ ಪ್ಯಾನಾಸೋನಿಕ್‌ನದು. ಚಾರ್ಜ್ ಮಾಡಿ ಡ್ರಾಯರಿನಲ್ಲಿ ಇಟ್ಟರೂ ತಿಂಗಳಾನುಗಟ್ಟಲೆ ಸೋರಿಹೋಗುವುದಿಲ್ಲ ಅನ್ನೋದೇ ಅದರ ಹೆಚ್ಚುಗಾರಿಕೆ. ಅದರ 2000ದ ಮಾಮೂಲಿ ಸೆಲ್ಲಿಗೆ 2100 ಸಲ ಚಾರ್ಜ್ ಮಾಡಬಹುದು ಅಂತ ಕಂಪನಿಯೇ ಹೇಳುತ್ತದೆ. 2500ರ ಪ್ರೊ ಸೆಲ್ಲಿಗೆ 500 ಸಲ. ಇದನ್ನೂ ಭಾವನಿಗೆ ಹೇಳಿದೆ. "ಆದ್ರೂ ಪ್ರೊ ಅಂತ ಐತಲ್ಲ" ಅಂದರು.

ಇನ್ನು ಬಿಡಿಭಾಗಗಳು. ನಿಂಟೆಂಡೊದವರು 2008ರಲ್ಲಿ ವೀ ಅನ್ನೋ ಗೇಮ್ ಯಂತ್ರದ ಕಾರ್ ರೇಸಿನ ಜೊತೆ ಒಂದು ಸ್ಟೀರಿಂಗ್ ಚಕ್ರ ಕೊಟ್ಟಿದ್ದರು. ಒಳಗೆ ವೈರಿಲ್ಲ, ಚಿಪ್ಪಿಲ್ಲ, ಬರೀ ಬಿಳಿ ಪ್ಲಾಸ್ಟಿಕ್. ರಿಮೋಟನ್ನು ಅದರ ಹೊಟ್ಟೆಯಲ್ಲಿ ಸಿಕ್ಕಿಸಿ ತಿರುಗಿಸಬೇಕು. ಆದರೆ ಪ್ಲಾಸ್ಟಿಕ್ ಅಂತ ಅವರು ಮುಚ್ಚಿಟ್ಟಿರಲಿಲ್ಲ. ಈಗಿನವು ಹಾಗಲ್ಲ. ಭಾವನ ಮನೆಗೆ ಬಂದಿರುವ ಚಾರ್ಜಿಂಗ್ ಸ್ಟ್ಯಾಂಡ್ ನೋಡಬೇಕು ನೀವು. ಹೊತ್ತಿಗೊಂದು ಬಣ್ಣ ಬದಲಿಸುತ್ತದೆ, ಕೆಳಗೊಂದು ಫ್ಯಾನ್ ಬೇರೆ ಗುಯ್ ಅನ್ನುತ್ತದೆ. ಕೆಲಸ ಏನು? ಎರಡು ಕಂಟ್ರೋಲರ್ ನಿಲ್ಲಿಸುವುದು.

ಎರಡು 2000ದ ಸೆಲ್ಲು ಪೂರ್ತಿ ತುಂಬೋಕೆ ಬೇಕಾಗುವುದು ಐದು ವ್ಯಾಟ್ ಅವರಿಗಿಂತ ಕಮ್ಮಿ. ಚಾರ್ಜರ್ ಬಿಸಿಯಾಗಿ ಕಳೆಯುವುದನ್ನೂ ಸೇರಿಸಿ ಹತ್ತು ಅನ್ನೋಣ. ಒಂದು ಯೂನಿಟ್ಟಿನಲ್ಲಿ, ಅಂದರೆ ಸಾವಿರ ವ್ಯಾಟ್ ಅವರಿನಲ್ಲಿ, ನೂರು ಸಲ ಚಾರ್ಜ್ ಮಾಡಬಹುದು. ಈ ಸ್ಟ್ಯಾಂಡಿನ ದೀಪಕ್ಕೆ ಒಂದೇ ವ್ಯಾಟ್ ಅಂತ ಹಿಡಿದರೂ ಹಗಲು ರಾತ್ರಿ ಉರಿದು ತಿಂಗಳಿಗೆ ಮುಕ್ಕಾಲು ಯೂನಿಟ್ಟಿನ ಹತ್ತಿರ ತಿನ್ನುತ್ತದೆ. ಎಪ್ಪತ್ತು ಸಲ ಸೆಲ್ಲು ತುಂಬುವಷ್ಟು ಕರೆಂಟು, ಸೆಲ್ಲು ತುಂಬುವ ಸ್ಟ್ಯಾಂಡಿನ ಶೃಂಗಾರಕ್ಕೆ. "ಗೃಹಜ್ಯೋತಿ ಐತಲ್ಲ ಬಿಡು" ಅಂದರು ಭಾವ. 2023ರ ಆಗಸ್ಟಿನಲ್ಲಿ ಯೋಜನೆ ಶುರುವಾದಾಗ ಅದರ ಜ್ಯೋತಿ ಹೀಗೆ ನೀಲಿ, ನೇರಳೆ, ಗುಲಾಬಿ ಬಣ್ಣದಲ್ಲಿ ಬೆಳಗುತ್ತದೆ ಅಂತ ಯಾರೂ ಅಂದುಕೊಂಡಿರಲಿಕ್ಕಿಲ್ಲ.

ಸೆಲ್ಲಿನ ಮೈಮೇಲೆ ನಿಜ ಬರೆದೇ ಇರುವುದಿಲ್ಲ ಅಂತ ಮಾತ್ರ ಅನ್ನಬೇಡಿ. ಇರುತ್ತದೆ, ಇರುವೆ ಸಾಲಿನ ಅಕ್ಷರದಲ್ಲಿ. ನಮ್ಮ ದೇಶದಲ್ಲಿ ಮಾರುವ ರೀಚಾರ್ಜಬಲ್ ಸೆಲ್ಲಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊದ ನೋಂದಣಿ ಕಡ್ಡಾಯ. ಆರ್ ಅಕ್ಷರ, ಅದರ ಮುಂದೆ ಎಂಟು ಅಂಕಿ. ಬಿಐಎಸ್ ಕೇರ್ ಅನ್ನೋ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ಯಾರು ಮಾಡಿದ್ದು ಅಂತ ಜಾತಕ ಬಿಚ್ಚುತ್ತದೆ. ನಮ್ಮ ಡ್ರ್ಯಾಗನ್ ಮೇಲೆ ಹುಡುಕಿದೆ. ಬಾಲದ ಕೆಳಗೂ ಇರಲಿಲ್ಲ.

ಇನ್ನೊಂದು ಗುರುತು ಮಾತ್ರ ಡ್ರ್ಯಾಗನ್ ಮೇಲೂ ಇತ್ತು. ಗಾಲಿ ಇರುವ ಕಸದ ತೊಟ್ಟಿ, ಅದರ ಮೇಲೆ ಕತ್ತರಿಯ ಹಾಗೆ ಅಡ್ಡ ಹಾಯ್ದ ಎರಡು ಗೆರೆ. ಇದನ್ನು ಮಾಮೂಲಿ ಕಸಕ್ಕೆ ಹಾಕಬೇಡಿ ಅಂತ ಅರ್ಥ. ಮಿಕ್ಕಿದ್ದೆಲ್ಲ ನಕಲು ಹೊಡೆಯುವಾಗ ಇದನ್ನೂ ಸೇರಿಸಿ ಹೊಡೆದಿರಬೇಕು. ಆ ಲೇಬಲ್ಲಿನಲ್ಲಿ ಸತ್ಯ ಅಂತ ಇದ್ದದ್ದು ಅದೊಂದೇ. ಕಾನೂನೂ ಹಾಗೇ ಹೇಳುತ್ತದೆ. 2016ರ ಘನತ್ಯಾಜ್ಯ ನಿಯಮ ಹಳೇ ಸೆಲ್ಲನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿತು. 2022ರ ಬ್ಯಾಟರಿ ನಿಯಮ ಬಂದು, ಮಾಡಿದವರೇ ವಾಪಸ್ ಪಡೆಯಬೇಕು ಅಂದಿತು. ಮಾಡಿದವರು ಯಾರು ಅಂತಲೇ ಗೊತ್ತಿಲ್ಲದ ಸೆಲ್ಲನ್ನು ಯಾರಿಗೆ ವಾಪಸ್ ಕೊಡೋದು? ಅಂಗಡಿಯವನನ್ನು ಕೇಳಿದರೆ, "ಹಳೇವು ನಾವು ತಗಳಲ್ಲ ಸಾರ್, ಹೊಸ 6000ದ್ದು ಬಂದೈತೆ ನೋಡ್ರಿ" ಅಂದ.

ಕೊನೆಗೆ ಅಕ್ಕ ನಾಲ್ಕು ಸೆಲ್ಲನ್ನೂ ಕವರಿನಲ್ಲಿ ಕಟ್ಟಿಕೊಂಡು ಬೆಳಿಗ್ಗೆ ಕಸದ ಗಾಡಿಯ ಹತ್ತಿರ ಹೋದಳು. ಗಾಡಿಯಲ್ಲಿ ಇರುವುದು ಎರಡೇ ಭಾಗ.

"ಇದು ಹಸಿ ಕಸಕ್ಕೋ, ಒಣ ಕಸಕ್ಕೋ ಅಣ್ಣಾ?"

ಅವನು ಕವರ್ ಬಿಚ್ಚಿ, ಒಂದೊಂದೇ ಸೆಲ್ಲು ತಿರುಗಿಸಿ ನೋಡಿದ. ಒಂದರ ಬುಡದಲ್ಲಿ ಬೆಳ್ಳಗೆ ಏನೋ ಜಿನುಗಿತ್ತು.

"ಈ ಮೂರು ಒಣದು ಅಕ್ಕ. ಇದು ಸೋರೈತೆ, ಹಸಿಗೆ ಹಾಕಿ."