ತೂತು ಎಣಿಸೋ ಭೌತಶಾಸ್ತ್ರಕ್ಕೆ ಸರ್ಕಾರದ ದುಡ್ಡು ಬೇಕಾ?

ಪರ

ಡಿಗ್ರಿ ಕಾಲೇಜಿನ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ನೂರು ಓಮ್‌ನ ರೆಸಿಸ್ಟರ್ ಕೊಟ್ಟರೆ ಒಬ್ಬ ಹುಡುಗ 97 ಅನ್ನುತ್ತಾನೆ, ಪಕ್ಕದ ಹುಡುಗಿ 103 ಅನ್ನುತ್ತಾಳೆ. ಇಬ್ಬರಿಗೂ ಮಾರ್ಕ್ಸ್ ಹಾಕುತ್ತೇನೆ. ವಸ್ತು ಅಂದಮೇಲೆ ಒಂದಿಷ್ಟು ಕೊಳೆ, ಒಂದಿಷ್ಟು ಊನ ಇದ್ದದ್ದೇ.

1980ರ ಫೆಬ್ರುವರಿಯ ಒಂದು ರಾತ್ರಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಜರ್ಮನ್ ಭೌತವಿಜ್ಞಾನಿ ಕ್ಲೌಸ್ ಫಾನ್ ಕ್ಲಿಟ್ಸಿಂಗ್ ಕಂಡದ್ದು ಇದಕ್ಕೆ ಪೂರ್ತಿ ಉಲ್ಟಾ. ತೀರಾ ತಣ್ಣಗಿನ ಸಿಲಿಕಾನ್ ತುಣುಕು, ಜೋರಾದ ಕಾಂತಕ್ಷೇತ್ರ. ಕರೆಂಟ್ ಹರಿಯುವ ದಿಕ್ಕಿಗೆ ಅಡ್ಡಲಾಗಿ ಅಳೆಯುವ 'ಹಾಲ್ ರೆಸಿಸ್ಟೆನ್ಸ್' ಮೆಟ್ಟಿಲು ಮೆಟ್ಟಿಲಾಗಿ ನಿಂತಿತ್ತು. ಪ್ರತಿ ಮೆಟ್ಟಿಲೂ 25,812.807 ಓಮ್ ಅನ್ನು ಒಂದು ಪೂರ್ಣಸಂಖ್ಯೆಯಿಂದ ಭಾಗಿಸಿದಷ್ಟು. ತುಣುಕು ಬದಲಿಸಿದರೂ ಅದೇ ಅಂಕಿ!

1982ರಲ್ಲಿ ಭೌತವಿಜ್ಞಾನಿ ಡೇವಿಡ್ ಥೌಲೆಸ್ ಮತ್ತು ಮೂವರು ಜೊತೆಗಾರರು ಕಾರಣ ಹೇಳಿದರು. ಇದು ಅಳತೆಯಲ್ಲ, ಎಣಿಕೆ. ಉದ್ದಿನ ವಡೆಯನ್ನು ಒತ್ತಿ, ಎಳೆಯಿರಿ, ಅಂಚು ಸೀಯಲಿ, ತೂತು ಒಂದೇ. ಒಂದೂಕಾಲು ತೂತಿನ ವಡೆ ಇರಲ್ಲ ಅಲ್ವಾ? ಈ ಥರದ ಲೆಕ್ಕಕ್ಕೆ ಟೊಪಾಲಜಿ ಅಂತ ಹೆಸರು. ಎಲೆಕ್ಟ್ರಾನ್‌ಗಳ ಕ್ವಾಂಟಮ್ ಅಲೆಗಳಲ್ಲೂ ಅಂಥದ್ದೊಂದು ಪೂರ್ಣಸಂಖ್ಯೆ ಅಡಗಿದೆ. ಚೂರುಪಾರು ಕೊಳೆಗೆಲ್ಲ ಅದು ಜಗ್ಗಲ್ಲ.

ಉಪಯೋಗ ಏನು ಅಂತೀರಾ? 1990ರಿಂದ ಜಗತ್ತಿನ ಅಳತೆ ಪ್ರಯೋಗಾಲಯಗಳು ಓಮ್ ಅನ್ನು ಇದರಿಂದಲೇ ಸರಿನೋಡಿಕೊಳ್ಳುತ್ತವೆ. 2019ರಲ್ಲಿ ಪ್ಯಾರಿಸ್ ಹತ್ತಿರದ ತೂಕದ ಕಲ್ಲಿಗೆ ರಜೆ ಕೊಟ್ಟರಲ್ಲ, ಈಗ ವಿದ್ಯುತ್ತಿನ ಅಳತೆಯಿಂದ ಕಿಲೋ ನಿಶ್ಚಯಿಸುವ ಕಿಬಲ್ ತಕ್ಕಡಿಗೂ ಈ ಅಂಕಿ ಬೇಕು.

ಇನ್ನು ಭೌತವಿಜ್ಞಾನಿ ಡಂಕನ್ ಹಾಲ್ಡೇನ್. ಹೊರಗಿನ ಕಾಂತಕ್ಷೇತ್ರ ಇಲ್ಲದೆಯೂ ಇದು ಸಾಧ್ಯ ಎಂದು 1988ರಲ್ಲಿ ಕಾಗದದ ಮೇಲೆ ತೋರಿಸಿದರು. ನಿಜವಾದ ವಸ್ತುವಿನಲ್ಲಿ ಸಿಗುತ್ತೆ ಅನ್ನೋ ಭರವಸೆ ಅವರಿಗೇ ಇರಲಿಲ್ಲ. 2013ರಲ್ಲಿ ಚೀನಾದ ತಂಡ ಮಾಡಿ ತೋರಿಸಿತು. 25 ವರ್ಷ! ಮೂರು ವರ್ಷದ ಪ್ರಾಜೆಕ್ಟ್ ಫಾರಂನಲ್ಲಿ 'ನಿರೀಕ್ಷಿತ ಉಪಯೋಗ' ಅನ್ನೋ ಕಾಲಂಗೆ ಆ ಮನುಷ್ಯ ಏನು ಬರೆಯಬೇಕಿತ್ತು?

ವಿರೋಧ

ನನಗೆ ಈ ಪಕ್ಷ ಕೊಟ್ಟಿದ್ದಾರೆ, ವಾದಿಸುತ್ತೇನೆ.

ಮೊದಲಿಗೆ, ಆ ವಡೆ ಸಾಕು. 2016ರಲ್ಲಿ ಇದೇ ವಿಷಯಕ್ಕೆ ನೊಬೆಲ್ ಘೋಷಿಸುವಾಗ ಸ್ಟಾಕ್‌ಹೋಮಿನಲ್ಲಿ ತೂತಿನ ಲೆಕ್ಕ ಹೇಳಲು ಬನ್ ಎತ್ತಿ ತೋರಿಸಿದಾಗಿನಿಂದ ಎಲ್ಲರ ಕೈಯಲ್ಲೂ ಒಂದೊಂದು ತಿಂಡಿ. ಓಮ್ ಕರಾರುವಾಕ್ಕಾಯಿತು, ಸಂತೋಷ. ನಮ್ಮ ಮನೆ ಕರೆಂಟ್ ಬಿಲ್ಲಿಗೆ ಅದರ ಸುದ್ದಿ ಮುಟ್ಟಿಲ್ಲ.

ಈ ಭೌತಶಾಸ್ತ್ರದಿಂದ ತಪ್ಪು ಮಾಡದ ಕ್ವಾಂಟಮ್ ಕಂಪ್ಯೂಟರ್ ಬರುತ್ತೆ ಅಂದಿದ್ದರು. 2018ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್ ತಂಡ ಅದಕ್ಕೆ ಬೇಕಾದ ಮಜೊರಾನಾ ಅನ್ನೋ ಕಣದಂಥದ್ದು ಸಿಕ್ಕಿತು ಅಂದಿತು, 2021ರಲ್ಲಿ ಪ್ರಬಂಧ ವಾಪಸ್ ತಗೊಂಡಿತು. 2025ರಲ್ಲಿ ಮೈಕ್ರೋಸಾಫ್ಟ್ ಅದೇ ಮಜೊರಾನಾ ಹೆಸರಲ್ಲಿ ಚಿಪ್ ತೋರಿಸಿತು, ಹಲವು ಭೌತವಿಜ್ಞಾನಿಗಳು ಒಪ್ಪಲಿಲ್ಲ. ನಮ್ಮಲ್ಲೂ 2023ರಲ್ಲಿ ಕ್ವಾಂಟಮ್ ಮಿಷನ್‌ಗೆ 6,003.65 ಕೋಟಿ ರೂಪಾಯಿ ಮಂಜೂರಾಗಿದೆ.

ದುಡ್ಡಿನ ಮಾತು ಬಂತಲ್ಲ, ಹೇಳಿಬಿಡ್ತೀನಿ. ನಮ್ಮ ಮಹಡಿ ರೂಮಲ್ಲಿ ಒಬ್ಬ ಹುಡುಗ ಬಾಡಿಗೆಗಿದ್ದ. ಇದೇ ವಿಷಯದಲ್ಲಿ ಪಿಎಚ್‌.ಡಿ. ಐದು ತಿಂಗಳು ಫೆಲೋಶಿಪ್ ಬರಲಿಲ್ಲ. ತಿಂಗಳ ಮೊದಲ ವಾರ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತಿದ್ದ. ಸಿಕ್ಕಿಬಿದ್ದರೆ "ಅಂಕಲ್, ಮುಂದಿನ ತಿಂಗಳು ಖಂಡಿತ" ಅನ್ನುತ್ತಿದ್ದ. ನಾನೇನೂ ಕೇಳುತ್ತಿರಲಿಲ್ಲ, ನನ್ನ ಹೆಂಡತಿ ಸುಮ್ನೆ ಸಾರಿನ ಪಾತ್ರೆ ಕೊಟ್ಟು ಕಳಿಸುತ್ತಿದ್ದಳು. ಕೊನೆಗೆ ಒಂದು ಬ್ಯಾಂಕಿನ ಸಾಫ್ಟ್‌ವೇರ್ ಕೆಲಸಕ್ಕೆ ಹೋದ. ಬಾಕಿ ಬಾಡಿಗೆಯನ್ನೆಲ್ಲ ಒಂದೇ ಸಲ ಕಳಿಸಿದ. (ಇದು ನನ್ನ ಪಕ್ಷಕ್ಕೆ ಸಾಕ್ಷಿಯಾಗುತ್ತೋ ಇಲ್ಲವೋ, ಓದುವವರೇ ನೋಡಿಕೊಳ್ಳಲಿ.)

ಗೋಡೆಗೆ ಹೊಡೆದಿದ್ದ ಬಿಳಿ ಬೋರ್ಡ್ ಅಲ್ಲೇ ಬಿಟ್ಟುಹೋದ. ಹೊಸ ಬಾಡಿಗೆಯವರು ಅದರ ಮೇಲೆ ಹಾಲಿನ ಲೆಕ್ಕ ಬರೆಯುತ್ತಾರೆ. ಒಂದು ಮೂಲೆಯ ಬಾಣದ ಗುರುತುಗಳನ್ನು ಮಾತ್ರ ಇನ್ನೂ ಅಳಿಸಿಲ್ಲ. ಏನೋ ಮುಖ್ಯವಾದದ್ದಿರಬಹುದು ಅಂತ.