ನೂರು ಸಾಲಕ್ಕೆ ಎಂಬತ್ತು ಕೈಗೆ

ಕೆರಿಬಿಯನ್ ಅಂದ ಕೂಡಲೇ ನಮ್ಮ ಬೆಂಗಳೂರಿನವರಿಗೆ ನೆನಪಾಗುವುದು ಕ್ರಿಸ್ ಗೇಲ್. ಹೈಟಿ ಯಾರಿಗೂ ನೆನಪಾಗುವುದಿಲ್ಲ. ಅಲ್ಲಿ ಆಳಿದವರು ಫ್ರೆಂಚರು, ಹಾಗಾಗಿ ಕ್ರಿಕೆಟ್ಟಿನ ಹುಚ್ಚೂ ಇಲ್ಲ. ಭೂಕಂಪವೋ ಗ್ಯಾಂಗುಗಳ ಗುಂಡಿನ ಕಾಳಗವೋ ಆದರೆ ಟಿವಿಯಲ್ಲಿ ಎರಡು ನಿಮಿಷ ಬಂದು ಹೋಗುತ್ತದೆ. ಮೊನ್ನೆ ಹಾಗೆ ಬಂದಾಗ ಜೊತೆಗೆ ಊಟಕ್ಕೆ ಕೂತಿದ್ದ ಗೆಳೆಯ, "ಆ ದೇಶ ಉದ್ಧಾರ ಆಗಲ್ಲ ಬಿಡೋ, ಜನ ಸೋಮಾರಿಗಳು" ಅಂದ. ನನ್ನ ಬಾಯಲ್ಲಿ ತುತ್ತಿತ್ತು. ಅದಕ್ಕೆ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

1780ರ ದಶಕದಲ್ಲಿ ಫ್ರಾನ್ಸಿಗೆ ಅತಿ ಹೆಚ್ಚು ಲಾಭ ತರುತ್ತಿದ್ದ ವಸಾಹತು ಇದೇ. ಜಗತ್ತಿನ ಕಾಫಿಯಲ್ಲಿ ಸುಮಾರು ಅರ್ಧ ಇಲ್ಲಿಂದ ಹೋಗುತ್ತಿತ್ತು, ಜೊತೆಗೆ ಹಡಗುಗಟ್ಟಲೆ ಸಕ್ಕರೆ. ದುಡಿಯುತ್ತಿದ್ದವರು ಸುಮಾರು ಐದು ಲಕ್ಷ ಗುಲಾಮರು. 1791ರಲ್ಲಿ ಅವರು ತಿರುಗಿಬಿದ್ದರು. ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ, 1804ರ ಜನವರಿ 1ರಂದು ಸ್ವತಂತ್ರರಾದರು.

ಬಿಲ್ ಬಂದದ್ದು ಆಮೇಲೆ. 1825ರಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸ್ ಯುದ್ಧನೌಕೆಗಳನ್ನು ಕಳಿಸಿ 15 ಕೋಟಿ ಫ್ರಾಂಕ್ ಕೇಳಿದ. ತೋಟ ಕಳೆದುಕೊಂಡ ಧಣಿಗಳಿಗೆ ಪರಿಹಾರವಂತೆ. ಆ ಆಸ್ತಿಯ ಲೆಕ್ಕದಲ್ಲಿ ಗುಲಾಮರೂ ಸೇರಿದ್ದರು! ತಮ್ಮ ಮೈಯ ಬೆಲೆಯನ್ನು ತಾವೇ ಕಟ್ಟಬೇಕು. ಸಾಲದ್ದಕ್ಕೆ ಫ್ರೆಂಚ್ ಸರಕಿಗೆ ಸುಂಕ ಬೇರೆ ಅರ್ಧ ಮಾಡಬೇಕು.

ಮೊದಲ ಕಂತು 3 ಕೋಟಿ. ಖಜಾನೆಯಲ್ಲಿ ಅಷ್ಟು ಹಣವಿಲ್ಲ. ಪ್ಯಾರಿಸ್ಸಿನ ಬ್ಯಾಂಕುಗಳಲ್ಲೇ ಸಾಲ ಎತ್ತಿದರು. ನಮ್ಮ ಊರ ಬಡ್ಡಿ ಸಾಹುಕಾರರು ಗೊತ್ತಲ್ವಾ, ನೂರು ಬರೆಸಿಕೊಂಡು ಎಂಬತ್ತು ಕೈಗೆ ಕೊಡುವವರು? ಥೇಟ್ ಅದೇ ಲೆಕ್ಕ. 3 ಕೋಟಿ ಬರೆಸಿಕೊಂಡು 60 ಲಕ್ಷ ಮುರಿದುಕೊಂಡು 2 ಕೋಟಿ 40 ಲಕ್ಷ ಕೊಟ್ಟರು. 1838ರಲ್ಲಿ ಪರಿಹಾರದ ಮೊತ್ತವನ್ನು ಒಟ್ಟು 9 ಕೋಟಿಗೆ ಇಳಿಸಿದರು ನಿಜ. ಆದರೆ ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ಆ ಸಾಲದ ಬಾಲ ಪೂರ್ತಿ ಕತ್ತರಿಸಿದ್ದು 1947ರಲ್ಲಿ. ಕಟ್ಟಿದವರು ಯಾರು? ಗುಡ್ಡದ ಮೇಲೆ ಕಾಫಿ ಬೆಳೆಯುತ್ತಿದ್ದ ರೈತರು, ರಫ್ತು ತೆರಿಗೆಯ ರೂಪದಲ್ಲಿ. ರಸ್ತೆ, ಶಾಲೆಗೆ ಹೋಗಬೇಕಿದ್ದ ಕಾಸು ಅದು.

ನಡುವೆ ಅಮೆರಿಕದವರೂ ಬಂದರು. 1914ರಲ್ಲಿ ಅವರ ಸೈನಿಕರು ಹೈಟಿಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನ ಹೊತ್ತು ನ್ಯೂಯಾರ್ಕಿಗೆ ಸಾಗಿಸಿದರು. ಮರುವರ್ಷ ದೇಶವನ್ನೇ ಹಿಡಿದು 1934ರವರೆಗೆ ಕೂತರು.

ತಪ್ಪೆಲ್ಲ ಹೊರಗಿನವರದ್ದು ಅಂತ ಹೇಳಲಾರೆ. 1957ರಿಂದ 1986ರವರೆಗೆ ಹೈಟಿಯ ಸರ್ವಾಧಿಕಾರಿಗಳಾದ ದುವಾಲಿಯೆ ಅಪ್ಪ-ಮಗ ಸೇರಿ ಖಜಾನೆಯನ್ನು ಮನೆಯ ಗಲ್ಲಾಪೆಟ್ಟಿಗೆ ಮಾಡಿಕೊಂಡಿದ್ದರು. ಮಗ ಕೊನೆಗೆ ಓಡಿಹೋಗಿದ್ದು ಎಲ್ಲಿಗೆ ಅಂದ್ರೆ, ಫ್ರಾನ್ಸಿಗೆ!

ನನ್ನನ್ನು ಜಾಸ್ತಿ ಕಾಡುವುದು ಹಂದಿಯ ಕಥೆ. ಹೈಟಿಯ ರೈತರ ಮನೆಯಲ್ಲಿ ಕಪ್ಪು ಬಣ್ಣದ ಸಣ್ಣ ನಾಟಿ ಹಂದಿ ಇರುತ್ತಿತ್ತು. ಸಿಪ್ಪೆ, ಕೊಳೆತ ಹಣ್ಣು ತಿಂದು ತಾನೇ ಬೆಳೆಯುತ್ತಿತ್ತು. ಮಗುವಿನ ಸ್ಕೂಲ್ ಫೀಸು, ಮದುವೆ, ಕಾಯಿಲೆ, ಏನೇ ಬಂದರೂ ಹಂದಿ ಮಾರುವುದು. ನಮ್ಮಲ್ಲಿ ಕಷ್ಟಕ್ಕಿರಲಿ ಅಂತ ಎರಡು ಮೇಕೆ ಕಟ್ಟಿರುತ್ತಾರಲ್ಲ, ಹಾಗೆ. ಹಂದಿಗಳಿಗೆ ಆಫ್ರಿಕನ್ ಹಂದಿಜ್ವರ ಬಂತು, ಮನುಷ್ಯರಿಗೆ ಬರುವ ಎಚ್1ಎನ್1 ಅಲ್ಲ. ಅದು ತಮ್ಮ ದೇಶಕ್ಕೂ ಹರಡೀತು ಅಂತ ಅಮೆರಿಕಕ್ಕೆ ಭಯ. 1980ರ ದಶಕದ ಮೊದಲ ವರ್ಷಗಳಲ್ಲಿ ಹುಡುಕಿ ಹುಡುಕಿ ಹಂದಿಗಳನ್ನೆಲ್ಲ ಕೊಲ್ಲಿಸಿದರು. ಬದಲಿಗೆ ಅಮೆರಿಕದಿಂದ ದೊಡ್ಡ ಬಿಳಿ ಹಂದಿಗಳು ಬಂದವು. ಅವಕ್ಕೆ ಕೊಂಡು ತಂದ ಮೇವು ಬೇಕು, ಶುದ್ಧ ನೀರು ಬೇಕು, ಸಿಮೆಂಟ್ ನೆಲ, ತಲೆ ಮೇಲೆ ಸೂರು ಬೇಕು. ಸಾಕುವವನ ಗುಡಿಸಲಿಗೇ ಅದಿಲ್ಲ! ಜನ ಅವನ್ನು 'ನಾಲ್ಕು ಕಾಲಿನ ರಾಜಕುಮಾರ' ಅಂತ ಕರೆದರು.

ಆಮೇಲೆ ಅಕ್ಕಿ. ಆರ್ಟಿಬೊನಿಟ್ ಕಣಿವೆಯ ಗದ್ದೆಗಳೇ ಒಂದು ಕಾಲಕ್ಕೆ ದೇಶಕ್ಕೆ ಬೇಕಾದ ಅಕ್ಕಿಯಲ್ಲಿ ಬಹುಪಾಲು ಬೆಳೆಯುತ್ತಿದ್ದವು. 1995ರಲ್ಲಿ ಅಮೆರಿಕದ ಒತ್ತಡಕ್ಕೆ ಆಮದು ಸುಂಕ ಶೇಕಡಾ 3ಕ್ಕೆ ಇಳಿಯಿತು. ಸಬ್ಸಿಡಿ ತಿಂದು ಬೆಳೆದ ಅಮೆರಿಕದ ಅಕ್ಕಿ ಸುರಿಯಿತು. ಜನ ಅದಕ್ಕೆ 'ಮಯಾಮಿ ಅಕ್ಕಿ' ಅಂದರು. ಗದ್ದೆ ಬಿಟ್ಟವರು ರಾಜಧಾನಿಯ ಕೊಳೆಗೇರಿ ಸೇರಿದರು. 2010ರ ಭೂಕಂಪದಲ್ಲಿ ಕುಸಿದದ್ದು ಅಂಥವರ ಮನೆಗಳೂ ಹೌದು. ಆ ವರ್ಷವೇ, ಸುಂಕ ಇಳಿದಾಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಅಲ್ಲಿನ ಸೆನೆಟ್ಟಿನ ಮುಂದೆ ಕೂತು, ಆ ಸುಂಕ ಇಳಿಸಿದ್ದರಿಂದ ನಮ್ಮ ಆರ್ಕನ್ಸಾ ರಾಜ್ಯದ ರೈತರಿಗೆ ಒಳ್ಳೆಯದಾಗಿರಬಹುದು, ಆದರೆ ಅದು ತಪ್ಪು ಅಂತ ಒಪ್ಪಿಕೊಂಡರು.

2003ರಲ್ಲಿ ಹೈಟಿಯ ಅಧ್ಯಕ್ಷ ಅರಿಸ್ಟೀಡ್ ಹಳೆಯ ಹಣ ವಾಪಸ್ ಕೊಡಿ ಅಂತ ಫ್ರಾನ್ಸನ್ನು ಕೇಳಿದ್ದರು. ಎರಡು ಸಾವಿರ ಕೋಟಿ ಡಾಲರಿಗೂ ಜಾಸ್ತಿ, ಕೊನೆಯಲ್ಲಿ 48 ಸೆಂಟ್ ಸಮೇತ ಲೆಕ್ಕ. ಮರುವರ್ಷ ಅವರ ಕುರ್ಚಿ ಹೋಯಿತು. 2025ರ ಏಪ್ರಿಲ್‌ನಲ್ಲಿ, ಆ ಬಿಲ್ಲಿಗೆ ಇನ್ನೂರು ವರ್ಷ ತುಂಬಿದಾಗ, ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರಾನ್ ಇತಿಹಾಸಕಾರರ ಒಂದು ಸಮಿತಿ ಮಾಡುತ್ತೇವೆ ಅಂದರು. ಹಣ ವಾಪಸ್ ಕೊಡುವ ಭರವಸೆ ಇರಲಿಲ್ಲ. ಸಮಿತಿ ಅಂದ್ರೆ ಏನು ಅಂತ ನಮ್ಮವರಿಗೆ ಬೇರೆ ಹೇಳಬೇಕಾ?