1.5 ಇರಲಿ ಬಿಡ್ರಪ್ಪ

ನಮ್ಮ ಹಾಸನದ ಇಂಜಿನಿಯರುಗಳ ವಾಟ್ಸಾಪ್ ಗುಂಪಿನಲ್ಲಿ ಈಗ ಒಂದೇ ಜಗಳ. ಸೇಫ್ಟಿಗೆ ಅಂತ ಭಾರವನ್ನ ಎಷ್ಟು ಪಟ್ಟು ಹೆಚ್ಚಿಸಿ ಡಿಸೈನ್ ಮಾಡಬೇಕು ಅಂತ. ಡೆಡ್ ಲೋಡಿಗೆ, ಅಂದರೆ ಕಟ್ಟಡದ ಸ್ವಂತ ತೂಕಕ್ಕೆ, ಯೂರೋಪಿನ ಕೋಡಿನಲ್ಲಿ 1.35, ಅಮೆರಿಕದಲ್ಲಿ 1.2. ನಾವು ಮಾತ್ರ ನಮ್ಮ ಕಾಂಕ್ರೀಟ್ ಕೋಡ್ ಐಎಸ್ 456 ಹಿಡ್ಕೊಂಡು ಡೆಡ್ಡಿಗೂ ಲೈವಿಗೂ (ಜನ, ಸಾಮಾನಿನ ಭಾರ) ಒಂದೇ 1.5 ಹಾಕಿ ಯಾಕೆ ಕಬ್ಬಿಣ ಸುರೀಬೇಕು ಅಂತ ಹುಡುಗರ ವಾದ.

ವಾದದಲ್ಲಿ ಹುರುಳಿದೆ. ಮೋಲ್ಡಿನ ದಪ್ಪ ಗೊತ್ತಿದ್ದರೆ ಅದರ ತೂಕ ಗೊತ್ತು. ಮನೆಯೊಳಗೆ ಎಷ್ಟು ಜನ, ಎಷ್ಟು ಸಾಮಾನು ಅನ್ನೋದೇ ಗೊತ್ತಾಗದ್ದು. ಗೊತ್ತಿರುವುದಕ್ಕೆ ಕಡಿಮೆ, ಗೊತ್ತಿಲ್ಲದ್ದಕ್ಕೆ ಹೆಚ್ಚು ಅನ್ನೋದು ನ್ಯಾಯವೇ. ಬ್ರಿಟನ್ನಿನವರು 1972ರ ತಮ್ಮ ಕಾಂಕ್ರೀಟ್ ಕೋಡು ಸಿಪಿ 110ರಲ್ಲೇ ಡೆಡ್ಡಿಗೆ 1.4, ಲೈವಿಗೆ 1.6 ಅಂತ ಬೇರೆ ಮಾಡಿದ್ದರು. 1978ರಲ್ಲಿ, ಭಾರಕ್ಕೂ ಸಾಮಗ್ರಿಗೂ ಬೇರೆ ಬೇರೆ ಸೇಫ್ಟಿ ಅಂಶ ಇಡುವ ಲಿಮಿಟ್ ಸ್ಟೇಟ್ ಪದ್ಧತಿ ನಮ್ಮ ಕೋಡಿಗೆ ಬಂದಾಗ ಎರಡಕ್ಕೂ 1.5 ಆಯಿತು.

ಆದರೆ ಅಮೆರಿಕದ ಆ 1.2 ಆಕಾಶದಿಂದ ಉದುರಿದ್ದಲ್ಲ. 1980ರಲ್ಲಿ ಎಲಿಂಗ್‌ವುಡ್, ಗಲಾಂಬೋಸ್ ಮತ್ತಿತರ ಸಂಶೋಧಕರು ಅಲ್ಲಿನ ಕಟ್ಟಡಗಳ ಭಾರ, ಸಾಮಗ್ರಿಗಳ ಬಲ ಎರಡರ ಏರುಪೇರನ್ನೂ ಒಟ್ಟುಹಾಕಿ ಲೆಕ್ಕ ಕಟ್ಟಿದರು. ಡೆಡ್ ಲೋಡು ಡಿಸೈನಿನಲ್ಲಿ ಹಿಡಿದದ್ದಕ್ಕಿಂತ ಸರಾಸರಿ 5% ಹೆಚ್ಚು, ಏರುಪೇರು 10% ಅಂತ ಇಟ್ಟುಕೊಂಡರು. ನಮ್ಮ ಕಡೆಯ ಮನೆಗಳಲ್ಲೂ ಅದು 5% ಅಂತ ನಂಬೋಕೆ ನನಗೆ ಧೈರ್ಯ ಸಾಲದು.

ಯಾಕೆ ಅಂದ್ರೆ ನಮ್ಮಲ್ಲಿ ಡೆಡ್ ಲೋಡು ಗೃಹಪ್ರವೇಶ ಆದಮೇಲೆ ಬೆಳೆಯೋಕೆ ಶುರುವಾಗುತ್ತೆ. ತಾರಸಿ ಸೋರುತ್ತೆ ಅಂತ ಎರಡಿಂಚು ಗಾರೆ ಎಳೀತಾರೆ, ಚದರ ಮೀಟರಿಗೆ ಸುಮಾರು 100 ಕೆಜಿ. ಎರಡು ಮಳೆಗಾಲ ಕಳೆದು ಮತ್ತೆ ಸೋರಿದರೆ ಅದರ ಮೇಲೇ ಇನ್ನೊಂದು ಪದರ. ಹಳೇ ಮೊಸಾಯಿಕ್ ಕೀಳದೆ ಅದರ ಮೇಲೇ ಟೈಲ್ಸ್. ನೀರು ಸಾಲಲ್ಲ ಅಂತ 2000 ಲೀಟರಿನ ಇನ್ನೊಂದು ಟ್ಯಾಂಕು, ಅಂದರೆ ಎರಡು ಟನ್. ಆಮೇಲೆ ಬರುತ್ತೆ ನೋಡಿ ಆ ಮಾತು: "ಸಾರ್, ನೀವು ಹೆಂಗೂ ಸೇಫ್ಟಿ ಇಟ್ಟಿರ್ತೀರಲ್ಲ, ಮೇಲೊಂದು ಫ್ಲೋರ್ ಎಳ್ಕೊಬುಡ್ಲಾ?" ಎರಡು ಮೋಲ್ಡಿಗೆ ಅಂತ ನಿಲ್ಲಿಸಿದ ಕಂಬದ ಮೇಲೆ ಮೂರನೆಯದು ಕೂತರೆ ಭಾರ ಹೆಚ್ಚುಕಮ್ಮಿ ಒಂದೂವರೆ ಪಟ್ಟು. ಆ 1.5 ಅಲ್ಲಿಗೇ ಖಾಲಿ.

ಲೈವ್ ಲೋಡಿನ ಕಥೆ ಕೇಳಬೇಕಾದರೆ ಸಕಲೇಶಪುರ, ಮೂಡಿಗೆರೆ ಕಡೆ ಹೋಗಬೇಕು. ಮನೆಯ ರೂಮಿಗೆ ಭಾರಗಳ ಕೋಡ್ ಐಎಸ್ 875 ಹೇಳೋದು ಚದರ ಮೀಟರಿಗೆ ಸುಮಾರು 200 ಕೆಜಿ. ಕಾಫಿ ರೇಟು ಏರಲಿ ಅಂತ ಕಾಯೋರು ಮಹಡಿ ರೂಮಿನಲ್ಲಿ 50 ಕೆಜಿ ಮೂಟೆಗಳನ್ನ ಎದೆಮಟ್ಟ ಪೇರಿಸಿರ್ತಾರೆ. ಒಂದು ಮೂಟೆ ಮಲಗೋಕೆ ಅರ್ಧ ಚದರ ಮೀಟರ್ ಜಾಗ ಅಂತಿಟ್ಟುಕೊಳ್ಳಿ. ಐದು ಮೂಟೆ ಎತ್ತರಕ್ಕೆ ಚದರ ಮೀಟರಿಗೆ 500 ಕೆಜಿ. ಈಗ ಐದಿಂಚು ಮೋಲ್ಡಿನ ಲೆಕ್ಕ: ಅದರ ಸ್ವಂತ ತೂಕ 312, ನೆಲದ ಗಾರೆ-ಟೈಲ್ಸಿಗೆ 100, ಲೈವ್ 200, ಒಟ್ಟು 612. ಅದರ ಒಂದೂವರೆ ಪಟ್ಟು 918. ಮೂಟೆ ಪೇರಿಸಿದ ಮೇಲೆ ನಿಜವಾದ ಭಾರ 912. ಆರನೇ ಮೂಟೆ ಏರಿದರೆ ಗೆರೆ ದಾಟಿತು. ಗೋದಾಮು ಅಂತ ಮೊದಲೇ ಹೇಳಿದ್ದರೆ ಕೋಡ್ ಪ್ರಕಾರ ಕನಿಷ್ಠ 750 ಕೆಜಿ ಹಿಡೀತಿದ್ದೆವು. ಹೇಳಲ್ಲ, ಡ್ರಾಯಿಂಗಿನಲ್ಲಿ ಅದು "ಗೆಸ್ಟ್ ರೂಮ್".

"ಬೀಳಲಿಲ್ವಲ್ಲ ಸಾರ್" ಅಂತೀರಿ. ಬೀಳದೆ ಇರೋದು ಸಾಮಗ್ರಿಯ ಕಡೆ ಇಟ್ಟಿರೋ ಇನ್ನೊಂದು ಅಂಶದಿಂದ. ಕಬ್ಬಿಣದ ಬಲವನ್ನ 1.15ರಿಂದ, ಕಾಂಕ್ರೀಟಿನದನ್ನ 1.5ರಿಂದ ಭಾಗಿಸಿ ಹಿಡೀತೀವಿ. ಕಬ್ಬಿಣ ಫ್ಯಾಕ್ಟರಿಯಲ್ಲಿ ಪರೀಕ್ಷೆಯಾಗಿ ಬರುತ್ತೆ, ಕಾಂಕ್ರೀಟ್ ಸೈಟಿನಲ್ಲಿ ಆ ದಿನದ ಮೇಸ್ತ್ರಿಯ ಮರ್ಜಿಯಲ್ಲಿ ಹುಟ್ಟುತ್ತೆ. ಎಂ20 ಕಾಂಕ್ರೀಟ್ ಅಂದ್ರೆ ಪರೀಕ್ಷೆಗೆ ಎರಕ ಹೊಯ್ದ ನೂರು ಕ್ಯೂಬಿನಲ್ಲಿ ಐದಕ್ಕಿಂತ ಹೆಚ್ಚು 20 ಮೆಗಾಪಾಸ್ಕಲ್ ಬಲದ ಕೆಳಗೆ ಇಳೀಬಾರದು, ಅದಕ್ಕಾಗಿ ಸರಾಸರಿ 26.6 ಬರೋ ಹಾಗೆ ಮಿಕ್ಸ್ ಮಾಡಬೇಕು. ನಮ್ಮಲ್ಲಿ ನಡೆಯೋದು ಬಾಂಡ್ಲಿ ಲೆಕ್ಕ. ನೀರು-ಸಿಮೆಂಟಿನ 0.5 ಅನುಪಾತದಲ್ಲಿ ಮೂಟೆ ಸಿಮೆಂಟಿಗೆ ನೀರು 25 ಲೀಟರು. ಜುಲೈನಲ್ಲಿ ಎಂ-ಸ್ಯಾಂಡ್ ರಾಶಿ ರಾತ್ರಿಯಿಡೀ ನೆಂದು ಕೂತಿರುತ್ತೆ, ಆ ನೀರು ಯಾರ ಲೆಕ್ಕಕ್ಕೂ ಇಲ್ಲ. ಮೇಲಿಂದ "ಮಾಲು ಗಟ್ಟಿ ಆಯ್ತು" ಅಂತ ಪೈಪು ತಿರುಗಿಸ್ತಾರೆ. ಕಾಂಕ್ರೀಟಿನ ಈ 1.5 ಇರೋದು ಮಾಮೂಲಿ ಏರುಪೇರಿಗೆ. ಆರಿಂಚಿಗೊಂದು ಅಂತ ಬರೆದ ಕಬ್ಬಿಣದ ರಿಂಗನ್ನ ಒಂಬತ್ತಿಂಚಿಗೊಂದು ಕಟ್ಟಿದರೆ ಅದನ್ನ ಕಾಯೋ ಅಂಶ ಯಾವ ಕೋಡಿನಲ್ಲೂ ಇಲ್ಲ.

ಭಾರ ಜಾಸ್ತಿ ಹಿಡಿದರೆ ಯಾವಾಗಲೂ ಸೇಫ್ ಅನ್ನೋದೂ ತಪ್ಪು. ಚಿಕ್ಕಮಗಳೂರಿನ ಗುಡ್ಡದ ಮನೆಗಳ ಶೀಟ್ ಮಾಡು ನೋಡಿ. ಗಾಳಿ ಮೇಲಕ್ಕೆ ಎತ್ತುವಾಗ ಸ್ವಂತ ತೂಕವೇ ಕಾಪಾಡೋದು, ಅದಕ್ಕೇ ಅಲ್ಲಿ ಆ ತೂಕದ 0.9 ಪಟ್ಟು ಮಾತ್ರ ಹಿಡೀತೀವಿ. ಗುಡ್ಡದ ನೆತ್ತಿಯಲ್ಲಿ ಗಾಳಿಯ ವೇಗಕ್ಕೆ 1.36ರವರೆಗೆ ಗುಣಿಸಬೇಕು, ಒತ್ತಡ ಅದರ ವರ್ಗ, ಹತ್ತಿರ ಹತ್ತಿರ 1.85 ಪಟ್ಟು. ಫ್ಯಾಬ್ರಿಕೇಶನ್‌ನವರ ಹತ್ರ ಇದನ್ನ ಕೇಳಿ ನೋಡಿ, "ನಾಲ್ಕು ಬೋಲ್ಟ್ ಜಾಸ್ತಿ ಹಾಕ್ತೀವಿ ಬುಡಿ" ಅಂತಾರೆ.

ಗುಂಪಿನ ಹುಡುಗರಿಗೆ ನನ್ನದೊಂದು ಸವಾಲು. ಹತ್ತು ವರ್ಷದ ಹಿಂದೆ ಡ್ರಾಯಿಂಗ್ ಕೊಟ್ಟ ಮನೆಗಳಿಗೆ ಟೇಪು ಹಿಡ್ಕೊಂಡು ಹೋಗಿ. ಗಾರೆ ಎಷ್ಟು ದಪ್ಪ, ಟ್ಯಾಂಕು ಎಷ್ಟು, ಗೆಸ್ಟ್ ರೂಮಿನಲ್ಲಿ ಏನು ಪೇರಿಸಿದ್ದಾರೆ, ಅಳತೆ ಬರೆದು ಗುಂಪಿಗೆ ಹಾಕಿ. ಇನ್ನೂರು ಮನೆಯ ಲೆಕ್ಕ 1.35 ಸಾಕು ಅಂದರೆ ನಾನೂ ಕೈ ಎತ್ತುತ್ತೀನಿ. 1.6 ಬೇಕು ಅಂದರೆ ನೀವೂ ಎತ್ತಬೇಕು.